ಊರ ದ್ವೇಷದ ಕೊಲೆ, ಎಲ್ಲರೂ ಖುಲಾಸೆ: ಮೇಲ್ಮನವಿಯಲ್ಲಿ ಹೈಕೋರ್ಟ್ ನೋಡುವುದೇನು?

ಹಾಡಹಗಲೇ ಊರ ನಡುವೆ ಕೊಲೆ ಆಗಿರುತ್ತದೆ. ನೋಡಿದವರಿದ್ದಾರೆ, ಮಚ್ಚು ಸಿಕ್ಕಿದೆ, ಹತ್ತು ಹನ್ನೆರಡು ಜನರ ಮೇಲೆ ಚಾರ್ಜ್‌ಶೀಟ್ ಬಿದ್ದಿದೆ. ವರ್ಷಗಟ್ಟಲೆ ಕೇಸು ನಡೆದ ಮೇಲೆ ಸೆಷನ್ಸ್ ಕೋರ್ಟ್ ಎಲ್ಲರನ್ನೂ ಬಿಟ್ಟುಬಿಡುತ್ತದೆ. ಸತ್ತವನ ಮನೆಯವರು ಆಗ ಕೇಳುವ ಪ್ರಶ್ನೆ ಒಂದೇ. ಹಾಗಾದರೆ ಕೊಂದವರು ಯಾರೂ ಇಲ್ವಾ?

ಹೈಕೋರ್ಟ್‌ಗೆ ಹೋದರೆ ಇದಕ್ಕೆ ಉತ್ತರ ಸಿಗುತ್ತದೆ ಎಂದು ಜನ ನಂಬುತ್ತಾರೆ. ಅಲ್ಲಿ ಎಲ್ಲ ಮೊದಲಿಂದ ನಡೆಯುತ್ತದೆ, ಸಾಕ್ಷಿಗಳು ಮತ್ತೆ ಕಟಕಟೆ ಹತ್ತುತ್ತಾರೆ, ಈ ಸಲ ಸತ್ಯ ಹೊರಗೆ ಬರುತ್ತದೆ ಎಂಬ ಆಸೆ. ಖುಲಾಸೆ ವಿರುದ್ಧದ ಮೇಲ್ಮನವಿ ಹಾಗೆ ನಡೆಯುವುದಿಲ್ಲ. ಅದರ ದಾರಿಯೇ ಬೇರೆ. ಅದು ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ಸಾಲ ಮಾಡಿ, ವರ್ಷಾನುಗಟ್ಟಲೆ ಕಾದು, ಕೊನೆಗೆ ಬಂದ ತೀರ್ಪು ಅರ್ಥವಾಗದೆ ಕೂರುತ್ತವೆ. ಅದಕ್ಕೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಮೊದಲು ಖುಲಾಸೆಯ ಅರ್ಥ. ಬಹಳಷ್ಟು ತೀರ್ಪುಗಳಲ್ಲಿ ಕೊಲೆ ನಡೆದಿದೆ ಎಂಬ ಬಗ್ಗೆ ಕೋರ್ಟ್‌ಗೂ ಅನುಮಾನ ಇರುವುದಿಲ್ಲ. ಇವರೇ ಮಾಡಿದರು ಎಂಬುದನ್ನು ಸರ್ಕಾರದ ಕಡೆಯವರು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಲಿಲ್ಲ, ಅಷ್ಟೇ. ಉಳಿದ ಸಂಶಯದ ಲಾಭ ಆರೋಪಿಗೆ ಹೋಗುತ್ತದೆ. ಒಂದೇ ಅಪರಾಧಕ್ಕೆ ಎರಡು ಸಲ ಕೇಸು ಹಾಕಿ ಶಿಕ್ಷಿಸುವಂತಿಲ್ಲ ಎಂದು ಸಂವಿಧಾನದ 20(2)ನೇ ವಿಧಿ ಹೇಳುತ್ತದಲ್ಲ, ಹಾಗಾದರೆ ಮೇಲ್ಮನವಿ ಹೇಗೆ ಎಂದು ಕೆಲವರು ಕೇಳುತ್ತಾರೆ. ಮೇಲ್ಮನವಿ ಎರಡನೇ ಕೇಸಲ್ಲ. ಅದೇ ಕೇಸಿನ ಮುಂದುವರಿಕೆ. ಹಾಗಾಗಿ ಆ ವಿಧಿ ಅಡ್ಡ ಬರುವುದಿಲ್ಲ.

ಮೇಲ್ಮನವಿ ಹಾಕುವವರು ಯಾರು?

ಕೊಲೆ ಕೇಸು ಸರ್ಕಾರದ್ದು. ದೂರು ಕೊಟ್ಟವನು ಸತ್ತವನ ಅಣ್ಣನೇ ಆಗಿದ್ದರೂ ಕೋರ್ಟಿನಲ್ಲಿ ಅವನು ಒಬ್ಬ ಸಾಕ್ಷಿ. ತುಂಬಾ ಕಾಲ ಇದರಿಂದ ದೊಡ್ಡ ತೊಂದರೆಯಾಗಿತ್ತು. ಸರ್ಕಾರ ಮೇಲ್ಮನವಿ ಬೇಡ ಎಂದು ಸುಮ್ಮನಾದರೆ ಮನೆಯವರಿಗೆ ಉಳಿಯುತ್ತಿದ್ದದ್ದು ರಿವಿಷನ್ ಅರ್ಜಿ ಮಾತ್ರ, ಅಂದರೆ ಕೆಳ ಕೋರ್ಟಿನ ತೀರ್ಪು ಕಾನೂನಿನಂತೆ ಸರಿಯಿದೆಯೇ ನೋಡಿ ಎಂದು ಕೇಳುವ ಅರ್ಜಿ. ರಿವಿಷನ್‌ನಲ್ಲಿ ಹೈಕೋರ್ಟ್ ಖುಲಾಸೆಯನ್ನು ಶಿಕ್ಷೆಯಾಗಿ ಬದಲಿಸುವಂತಿಲ್ಲ. ಹೆಚ್ಚೆಂದರೆ ಮರುವಿಚಾರಣೆಗೆ ಕಳಿಸಬಹುದು.

2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿ ಇದನ್ನು ಬದಲಿಸಿತು. ದಂಡ ಪ್ರಕ್ರಿಯಾ ಸಂಹಿತೆಯ 372ನೇ ಕಲಮಿಗೆ ಒಂದು ಸಾಲು ಸೇರಿ, ಸಂತ್ರಸ್ತರಿಗೇ ಮೇಲ್ಮನವಿಯ ಹಕ್ಕು ಬಂತು. ಸಂತ್ರಸ್ತರು ಎಂದರೆ ಏಟು ತಿಂದವರು, ಕೊಲೆಯಾದವರ ವಾರಸುದಾರರು. ಈ ಹಕ್ಕು ಬಳಸಲು ಹೈಕೋರ್ಟಿನ ಅನುಮತಿ ಮೊದಲು ಪಡೆಯಬೇಕೇ ಎಂಬ ಗೊಂದಲ ಮುಂದೆಯೂ ಇತ್ತು. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಗೆಹರಿಸಿತು: ಸಂತ್ರಸ್ತರಿಗೆ ಅನುಮತಿ ಬೇಕಿಲ್ಲ. ಅನುಮತಿ ಬೇಕಿರುವುದು ಸರ್ಕಾರಕ್ಕೆ. ಮೇಲ್ಮನವಿ ಹಾಕಿದವರೇ ನಡುವೆ ತೀರಿಹೋದರೆ ಅವರ ವಾರಸುದಾರರು ಮುಂದುವರಿಸಬಹುದು ಎಂದು 2025ರಲ್ಲಿ ಅದೇ ಕೋರ್ಟ್ ಹೇಳಿದೆ. ಇಂಥ ಕೇಸುಗಳು ಒಂದು ತಲೆಮಾರಿಗೆ ಮುಗಿಯುವುದು ಕಷ್ಟ, ಹಾಗಾಗಿ ಇದು ಸಣ್ಣ ಮಾತಲ್ಲ.

ಸರ್ಕಾರಕ್ಕೆ ಇರುವ ಗಡುವು 90 ದಿನ. ತಡವಾದರೆ ಕಾರಣ ಹೇಳಿ ಮನ್ನಿಸಿ ಎಂದು ಕೇಳಿಕೊಳ್ಳಬೇಕು. ಖುಲಾಸೆಯಾದ ಪ್ರತಿ ಕೇಸನ್ನೂ ಅಧಿಕಾರಿಗಳ ಸಮಿತಿ ಪರಿಶೀಲಿಸಿ, ಎಲ್ಲಿ ಎಡವಿದೆವು ಎಂದು ದಾಖಲಿಸಬೇಕು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಸಂತ್ರಸ್ತರ ಹಕ್ಕು 413ನೇ ಕಲಮಿನಲ್ಲಿದೆ, ಸರ್ಕಾರದ ಮೇಲ್ಮನವಿ 419ರಲ್ಲಿದೆ. ನಂಬರು ಬದಲಾಗಿದೆ, ತಿರುಳು ಅದೇ. ಇನ್ನೊಂದು ವಿಷಯ, ಉತ್ತರ ಕರ್ನಾಟಕದವರು ಇದಕ್ಕಾಗಿ ಬೆಂಗಳೂರಿಗೆ ಬರಬೇಕಿಲ್ಲ. 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾದ ಧಾರವಾಡ ಮತ್ತು ಕಲಬುರಗಿ ಪೀಠಗಳು 2013ರಿಂದ ಕಾಯಂ ಆಗಿವೆ.

ಫೈಲು ಮಾತ್ರ, ಸಾಕ್ಷಿಗಳಿಲ್ಲ

ಹೈಕೋರ್ಟಿನಲ್ಲಿ ಸಾಮಾನ್ಯವಾಗಿ ಯಾವ ಸಾಕ್ಷಿಯೂ ಮತ್ತೆ ಮಾತಾಡುವುದಿಲ್ಲ. ನ್ಯಾಯಮೂರ್ತಿಗಳ ಮುಂದೆ ಇರುವುದು ಕಾಗದ. ದೂರು, ಸ್ಥಳ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಸಾಕ್ಷಿಗಳ ಹೇಳಿಕೆ, ಪಾಟೀ ಸವಾಲು, ಕೆಳ ಕೋರ್ಟಿನ ತೀರ್ಪು. ಕೆಳಗೆ ಸಾಕ್ಷಿ ಕನ್ನಡದಲ್ಲಿ ಹೇಳಿದ್ದು ಅಲ್ಲಿ ಇಂಗ್ಲಿಷ್‌ನಲ್ಲಿ ಚರ್ಚೆಯಾಗುತ್ತದೆ. ಸಾಕ್ಷಿ ಎಲ್ಲಿ ತಡವರಿಸಿದ, ಎಲ್ಲಿ ಗಟ್ಟಿಯಾಗಿ ನಿಂತ, ಯಾವ ಪ್ರಶ್ನೆಗೆ ತಲೆ ತಗ್ಗಿಸಿದ ಎಂಬುದನ್ನು ಕಾಗದ ತೋರಿಸುವುದಿಲ್ಲ. ಅದನ್ನು ಕಣ್ಣಾರೆ ಕಂಡವರು ಸೆಷನ್ಸ್ ನ್ಯಾಯಾಧೀಶರು ಒಬ್ಬರೇ.

ಇಡೀ ಕಾನೂನು ಈ ಒಂದು ಸಂಗತಿಯ ಮೇಲೆ ಬೆಳೆದಿದೆ. 1934ರಲ್ಲೇ, ಶಿಯೋ ಸ್ವರೂಪ್ ಪ್ರಕರಣದಲ್ಲಿ, ಆಗ ಭಾರತದ ಕೇಸುಗಳಿಗೂ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಸ್ಪಷ್ಟ ಮಾಡಿತು. ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡುವ ಪೂರ್ತಿ ಅಧಿಕಾರ ಹೈಕೋರ್ಟ್‌ಗೆ ಇದೆ. ಆದರೆ ಸಾಕ್ಷಿಯನ್ನು ಕಣ್ಣಾರೆ ಕಂಡ ನ್ಯಾಯಾಧೀಶರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು. ಆರೋಪಿ ನಿರಪರಾಧಿ ಎಂಬ ಊಹೆ ಖುಲಾಸೆಯಿಂದ ಇನ್ನೂ ಗಟ್ಟಿಯಾಗಿದೆ ಎಂಬುದನ್ನು ಮರೆಯಬಾರದು. 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ನಿಯಮಗಳನ್ನು ಒಂದೆಡೆ ಕೂಡಿಸಿ ಹೇಳಿತು. ಇವತ್ತಿಗೂ ಖುಲಾಸೆ ಮೇಲ್ಮನವಿಯ ವಾದದಲ್ಲಿ ಆ ಹೆಸರು ಬಾರದ ದಿನ ಕಡಿಮೆ. ಅದರ ಸಾರ: ಇರುವ ಸಾಕ್ಷ್ಯದಿಂದ ಎರಡು ಸಮಂಜಸ ಅಭಿಪ್ರಾಯಗಳು ಬರಬಹುದಾದರೆ, ಕೆಳ ಕೋರ್ಟ್ ಖುಲಾಸೆಯ ಕಡೆಗಿನದನ್ನು ಹಿಡಿದಿದ್ದರೆ, ಹೈಕೋರ್ಟ್ ಅದನ್ನು ಕದಲಿಸಬಾರದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಾತ್ರಿ ಎಂಟರ ಹೊತ್ತಿಗೆ ಹಲ್ಲೆ ಆಯಿತು. ಬೀದಿ ದೀಪದ ಬೆಳಕಲ್ಲಿ ಆರೋಪಿಗಳನ್ನು ಗುರುತು ಹಿಡಿದೆ ಎಂದು ಸತ್ತವನ ತಮ್ಮ ಹೇಳುತ್ತಾನೆ. ಸ್ಥಳ ಮಹಜರಿನಲ್ಲಿ ದೀಪದ ಕಂಬದ ಮಾತೇ ಇಲ್ಲ. ಸೆಷನ್ಸ್ ನ್ಯಾಯಾಧೀಶರಿಗೆ ಬೆಳಕಿನ ಬಗ್ಗೆ ಅನುಮಾನ ಬಂದು ಬಿಟ್ಟುಬಿಟ್ಟರು. ಹೈಕೋರ್ಟ್ ನ್ಯಾಯಮೂರ್ತಿಗಳಿಗೆ "ಒಂದೇ ಊರವರು, ಹುಟ್ಟಿದಾಗಿಂದ ನೋಡಿದವರು, ದನಿಯಲ್ಲೇ ಗೊತ್ತಾಗುತ್ತದೆ" ಅನ್ನಿಸಬಹುದು. ತಾವೇ ವಿಚಾರಣೆ ಮಾಡಿದ್ದರೆ ಶಿಕ್ಷೆ ಕೊಡುತ್ತಿದ್ದೆವು ಎಂದೂ ಅನ್ನಿಸಬಹುದು. ಆದರೂ ಖುಲಾಸೆ ಉಳಿಯುತ್ತದೆ. ಏಕೆಂದರೆ ಕೆಳ ಕೋರ್ಟಿನ ಅನುಮಾನವೂ ಬುದ್ಧಿವಂತ ಮನುಷ್ಯನಿಗೆ ಬರುವಂಥದ್ದೇ.

ಅದೇ ಕೇಸನ್ನು ಸ್ವಲ್ಪ ಬದಲಿಸಿ. ಸ್ಥಳದ ನಕ್ಷೆಯಲ್ಲಿ ಕಂಬ ಇದೆ. ಆ ಹೊತ್ತಿಗೆ ಕರೆಂಟ್ ಇತ್ತು ಎಂದು ಹೆಸ್ಕಾಂ ಕೊಟ್ಟ ಪತ್ರ ಫೈಲಿನಲ್ಲಿದೆ. ತೀರ್ಪಿನಲ್ಲಿ ಎರಡರ ಪ್ರಸ್ತಾಪವೂ ಇಲ್ಲ, "ಬೆಳಕಿಗೆ ಆಧಾರವಿಲ್ಲ" ಎಂದು ಬರೆದು ಮುಗಿಸಿದ್ದಾರೆ. ಇದು ಅಭಿಪ್ರಾಯ ಭೇದ ಅಲ್ಲ, ಇದ್ದ ಸಾಕ್ಷ್ಯವನ್ನೇ ನೋಡದೆ ಬಿಟ್ಟ ತಪ್ಪು. ಇಂಥಲ್ಲಿ ಹೈಕೋರ್ಟ್ ಕೈ ಹಾಕಬಹುದು, ಹಾಕಲೇಬೇಕು.

ಹೀಗಾಗಿ ಮೇಲ್ಮನವಿಯಲ್ಲಿ "ಕೊಂದವರು ಯಾರು" ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. "ಈ ಫೈಲು ಓದಿದ ಯಾವ ನ್ಯಾಯಾಧೀಶರೂ ಇವರನ್ನು ಬಿಡಲು ಸಾಧ್ಯವೇ ಇರಲಿಲ್ಲವೇ" ಎಂಬುದು ಮುಂದೆ ಬರುತ್ತದೆ. ನೊಂದ ಕುಟುಂಬಕ್ಕೆ ಇದು ಕಠೋರ ಅನ್ನಿಸುತ್ತದೆ. ಆದರೆ ಸುಳ್ಳು ಆರೋಪ ಹೊತ್ತು ಒಮ್ಮೆ ಗೆದ್ದು ಬಂದವನ ಕಡೆಯಿಂದಲೂ ಯೋಚಿಸಬೇಕಲ್ವಾ? ಊರ ದ್ವೇಷದ ಕೇಸುಗಳಲ್ಲಿ ಅಂಥವರು ಇದ್ದೇ ಇರುತ್ತಾರೆ.

ದ್ವೇಷವೇ ಕೇಸನ್ನು ಕೆಡಿಸುವ ಬಗೆ

ನನಗೆ ಮುಖ್ಯ ಅನ್ನಿಸುವುದು ಈ ಭಾಗ. ಹೊಲದ ಬದು, ನೀರಿನ ಸರದಿ, ಪಂಚಾಯ್ತಿ ಚುನಾವಣೆ, ಜಾತ್ರೆಯ ಜಗಳ, ಹಳೆಯ ಒಂದು ಕೊಲೆ, ಏನೇ ಇರಲಿ, ಹಳೇ ದ್ವೇಷ ಕೋರ್ಟಿನಲ್ಲಿ ಎರಡೂ ಕಡೆ ಕೊಯ್ಯುತ್ತದೆ. ಕೊಲ್ಲಲು ಕಾರಣ ಇತ್ತು ಎಂದು ಸರ್ಕಾರಿ ವಕೀಲರು ಅದನ್ನೇ ತೋರಿಸುತ್ತಾರೆ. ಸುಳ್ಳು ಹೆಸರು ಸೇರಿಸಲು ಕಾರಣ ಇತ್ತು ಎಂದು ಆರೋಪಿ ಕಡೆಯ ವಕೀಲರೂ ಅದನ್ನೇ ತೋರಿಸುತ್ತಾರೆ.

ಸಾಕ್ಷಿ ಸತ್ತವನ ಸಂಬಂಧಿ ಎಂಬ ಒಂದೇ ಕಾರಣಕ್ಕೆ ಅವನ ಮಾತನ್ನು ತಳ್ಳಿಹಾಕುವಂತಿಲ್ಲ. 1953ರ ದಲೀಪ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಇದನ್ನು ತುಂಬಾ ಮನುಷ್ಯ ಸಹಜವಾಗಿ ವಿವರಿಸಿದ್ದಾರೆ. ತನ್ನವನನ್ನು ನಿಜವಾಗಿ ಕೊಂದವನನ್ನು ಬಿಟ್ಟು ಬೇರೆಯವನ ಹೆಸರು ಹೇಳಲು ಹತ್ತಿರದ ಬಂಧುವಿಗೆ ಮನಸ್ಸು ಬರುವುದಿಲ್ಲ. ಆದರೆ ಸಿಟ್ಟು ನೆತ್ತಿಗೇರಿ, ಮೊದಲೇ ದ್ವೇಷವೂ ಇದ್ದಾಗ, ತಪ್ಪು ಮಾಡಿದವನ ಜೊತೆಗೆ ಮಾಡದವನ ಹೆಸರನ್ನೂ ಎಳೆದು ತರುವ ಗುಣ ಇದೆ. ಊರ ಕೊಲೆಗಳಲ್ಲಿ ಆಗುವುದು ಬಹುಪಾಲು ಇದೇ. ಹೊಡೆದವರು ಮೂವರು. ದೂರಿನಲ್ಲಿ ಹದಿಮೂರು ಹೆಸರು. ಅವರ ಅಪ್ಪ, ಚಿಕ್ಕಪ್ಪ, ಬೆಂಗಳೂರಲ್ಲಿ ಕೆಲಸಕ್ಕಿದ್ದ ಮಗ, ಎಲ್ಲರೂ. ಒಂದು ಮನೆ ಪೂರ್ತಿ ಜೈಲಿಗೆ ಹೋಗಲಿ ಎಂಬ ಸಂಕಟದ ಸಿಟ್ಟು ಅದು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕೇಸು ಸಾಯುವುದು ಅಲ್ಲೇ.

ಹೇಗೆ ಎಂದು ನೋಡಿ. ಐದು ಅಥವಾ ಹೆಚ್ಚು ಜನ ಒಂದೇ ಕೆಟ್ಟ ಉದ್ದೇಶಕ್ಕೆ ಗುಂಪು ಸೇರಿದರೆ, ಅದರಲ್ಲಿ ಒಬ್ಬ ಮಾಡಿದ ಅಪರಾಧಕ್ಕೆ ಎಲ್ಲರೂ ಹೊಣೆ. ಹಳೆಯ ದಂಡ ಸಂಹಿತೆಯ 149ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 190. ಈ ಕಲಂ ನಂಬಿಕೊಂಡು "ಎಲ್ಲರೂ ಸೇರಿ ಮಚ್ಚು, ಕೊಡಲಿ, ದೊಣ್ಣೆಯಿಂದ ಹೊಡೆದರು" ಎಂದು ದೂರು ಬರೆಸುತ್ತಾರೆ. ಯಾರ ಕೈಯಲ್ಲಿ ಏನಿತ್ತು, ಯಾರು ಎಲ್ಲಿಗೆ ಹೊಡೆದರು ಎಂಬುದಿಲ್ಲ. ಆಮೇಲೆ ಮರಣೋತ್ತರ ವರದಿಯಲ್ಲಿ ನಾಲ್ಕೇ ಗಾಯ ಇರುತ್ತವೆ. ಹದಿಮೂರು ಜನ ಹೊಡೆದರೆ ನಾಲ್ಕೇ ಗಾಯ ಹೇಗೆ? ಪಾಟೀ ಸವಾಲಿನಲ್ಲಿ ಈ ಒಂದು ಪ್ರಶ್ನೆಗೆ ಸಾಕ್ಷಿ ಸುಸ್ತಾಗುತ್ತಾನೆ. ಸುಳ್ಳಾಗಿ ಸೇರಿಸಿದ ಹತ್ತು ಹೆಸರು, ನಿಜವಾಗಿ ಹೊಡೆದ ಮೂವರನ್ನೂ ಹೊರಗೆ ಕರೆದುಕೊಂಡು ಬರುತ್ತವೆ.

ಒಂದು ಮಾತು ಸುಳ್ಳಾದರೆ ಎಲ್ಲವೂ ಸುಳ್ಳು ಎಂಬ ನಿಯಮ ನಮ್ಮಲ್ಲಿಲ್ಲ. ಜೊಳ್ಳು ತೂರಿ ಕಾಳು ಉಳಿಸಿಕೊಳ್ಳಬೇಕು ಎಂದು ಕೋರ್ಟುಗಳು ಹೇಳುತ್ತಲೇ ಬಂದಿವೆ. 1964ರ ಮಸಲ್ತಿ ತೀರ್ಪು ಉತ್ತರ ಪ್ರದೇಶದ ಒಂದು ಹಳ್ಳಿಯ ಗುಂಪು ದ್ವೇಷದ್ದೇ. ಒಂದೇ ಮನೆಯ ಐವರ ಕೊಲೆ. ದ್ವೇಷ ಇರುವ ಊರಲ್ಲಿ ಎರಡು ಗುಂಪಿಗೂ ಸೇರದ ಸಾಕ್ಷಿ ಸಿಗುವುದೇ ಕಷ್ಟ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಒಪ್ಪಿಕೊಂಡಿತು. ಗುಂಪು ದೊಡ್ಡದಿದ್ದಾಗ, ಇಂತಿಷ್ಟು ಸಾಕ್ಷಿಗಳು ಒಂದೇ ರೀತಿ ಹೆಸರಿಸಿದ ಆರೋಪಿಗೆ ಮಾತ್ರ ಶಿಕ್ಷೆ ಎಂಬ ಅಳತೆಯನ್ನೂ ಒಪ್ಪಿತು. ಹೈಕೋರ್ಟುಗಳು ಈಗಲೂ ಈ ಅಳತೆ ಬಳಸುತ್ತವೆ. ಹನ್ನೆರಡು ಜನರ ಖುಲಾಸೆಯಲ್ಲಿ ಇಬ್ಬರದ್ದೋ ಮೂವರದ್ದೋ ಮಾತ್ರ ಬದಲಾಗುವುದು ಹೀಗೆ.

ಇಲ್ಲೊಂದು ಸಿಕ್ಕು ಇದೆ. ಹೆಸರಿಸಿದ ಹನ್ನೆರಡು ಜನರಲ್ಲಿ ಒಂಬತ್ತು ಜನರ ಖುಲಾಸೆ ಉಳಿದು ಮೂವರೇ ಸಿಕ್ಕರೆ, ಐದು ಜನರ ಗುಂಪು ಎಲ್ಲಿಂದ ಬಂತು? ಗುರುತು ಸಿಗದ ಬೇರೆಯವರೂ ಇದ್ದರು ಎಂದು ಸಾಕ್ಷ್ಯ ಇದ್ದರೆ ಸರಿ. ಇಲ್ಲದಿದ್ದರೆ 149ನೇ ಕಲಂ ಬಿದ್ದುಹೋಗುತ್ತದೆ. ಆಗ ಅದೇ ಹಳೆಯ ದಂಡ ಸಂಹಿತೆಯ 34ನೇ ಕಲಮಿನ ಸಮಾನ ಉದ್ದೇಶ ಹಿಡಿದೋ, ಒಬ್ಬೊಬ್ಬರು ಮಾಡಿದ್ದನ್ನು ಬೇರೆ ಬೇರೆ ತೋರಿಸಿಯೋ ಶಿಕ್ಷೆ ಆಗಬೇಕು. ಯಾರು ಏನು ಮಾಡಿದರು ಎಂದು ಮೊದಲ ದೂರಿನಲ್ಲೇ ಬಿಡಿಸಿ ಹೇಳಿದ್ದರೆ ಇದು ಸಲೀಸು.

ಕೋರ್ಟ್ ಅನುಮಾನದಿಂದ ನೋಡುವ ಇನ್ನೊಂದು ವಿಷಯ ಹೊತ್ತು. ಎಫ್ಐಆರ್ ಎಷ್ಟು ಹೊತ್ತಿಗೆ ಆಯಿತು, ಅದರ ಪ್ರತಿ ಮ್ಯಾಜಿಸ್ಟ್ರೇಟರ ಕೈಗೆ ಯಾವಾಗ ಸೇರಿತು? ನಡುವೆ ವಿವರಣೆ ಇಲ್ಲದ ಅಂತರ ಇದ್ದರೆ, ಊರ ಹಿರಿಯರು ಕೂತು ಹೆಸರು ಪಟ್ಟಿ ಮಾಡಿದರು ಎಂಬ ವಾದಕ್ಕೆ ಜಾಗವಾಗುತ್ತದೆ. ಆರೋಪಿಗಳ ಮೈಮೇಲೂ ಗಾಯ ಇದ್ದು, ಅದು ಹೇಗಾಯಿತು ಎಂದು ಸರ್ಕಾರದ ಕಡೆಯವರು ಹೇಳದಿದ್ದರೆ ಅದೂ ಪೆಟ್ಟೇ. ಇಂಥ ಜಗಳಗಳಲ್ಲಿ ಎರಡೂ ಕಡೆಯಿಂದ ಕೇಸು ಆಗಿರುತ್ತದೆ. ಕೇಸು ಮತ್ತು ಕೌಂಟರ್ ಕೇಸನ್ನು ಒಬ್ಬರೇ ನ್ಯಾಯಾಧೀಶರು ಒಂದಾದ ಮೇಲೊಂದು ಕೇಳಿ, ಒಟ್ಟಿಗೆ ತೀರ್ಪು ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಸಾಕ್ಷಿಗಳು ಉಲ್ಟಾ ಹೊಡೆಯುವ ವಿಚಾರ ಎಲ್ಲರಿಗೂ ಗೊತ್ತಿದೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಅದು ಸ್ವತಃ ಸಾಕ್ಷ್ಯವೂ ಅಲ್ಲ. ಕೋರ್ಟಿನಲ್ಲಿ "ನಾನು ನೋಡಿಲ್ಲ" ಎಂದರೆ ಮುಗಿಯಿತು. ಅದೇ ಊರಲ್ಲಿ, ಅದೇ ಬೀದಿಯಲ್ಲಿ ಬದುಕಬೇಕಾದ ಕೂಲಿಯವನ ಮೇಲೆ ಇದಕ್ಕಾಗಿ ಸಿಟ್ಟು ಮಾಡುವುದು ನನ್ನಿಂದಾಗದು. 2018ರ ಸಾಕ್ಷಿ ರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ ಒಪ್ಪಿ ದೇಶಕ್ಕೆಲ್ಲ ಅನ್ವಯಿಸಿತು. ಬೆದರಿಕೆ ಇರುವ ಸಾಕ್ಷಿ ಅದರಡಿ ರಕ್ಷಣೆ ಕೇಳಬಹುದು ಎಂದು ಹೇಳುವವರು ಬೇಕು.

ವಿಜಯಪುರದ ಒಂದು ಕೇಸು

ಇಷ್ಟನ್ನೂ ಒಂದೇ ಕಡೆ ಕಾಣಬೇಕೆಂದರೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ವಿಜಯಪುರ ಜಿಲ್ಲೆಯ ಪ್ರಕರಣ ನೋಡಬಹುದು. ಕೊಲೆ ನಡೆದದ್ದು 2001ರಲ್ಲಿ. 2005ರಲ್ಲಿ ಕೆಳ ಕೋರ್ಟ್ ಖುಲಾಸೆ ಮಾಡಿತು. 2010ರಲ್ಲಿ ಹೈಕೋರ್ಟ್ ಅದನ್ನು ತಿರುಗಿಸಿ ಶಿಕ್ಷೆ ಕೊಟ್ಟಿತು. 2024ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನು ತೆಗೆದು ಖುಲಾಸೆಯನ್ನೇ ಮತ್ತೆ ಎತ್ತಿ ಹಿಡಿಯಿತು. ಎಫ್ಐಆರ್ ಹುಟ್ಟಿದ ಬಗೆಯಲ್ಲೇ ಅನುಮಾನ ಎಂದಿತು. ಆರೋಪಿ ತೋರಿಸಿದ ಜಾಗದಲ್ಲಿ ಆಯುಧ ಸಿಕ್ಕಿತು ಎಂದು ತನಿಖಾಧಿಕಾರಿ ಹೇಳಿದರೆ ಸಾಲದು, ಆರೋಪಿ ನಿಜವಾಗಿ ಆಡಿದ ಮಾತೇನು ಎಂಬುದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು ಎಂದೂ ಹೇಳಿತು. ಖುಲಾಸೆ ತಿರುಗಿಸಬೇಕಾದರೆ ಆ ತೀರ್ಪು ಎದ್ದು ಕಾಣುವಷ್ಟು ವಿಪರೀತವಾಗಿರಬೇಕು, ಸಾಕ್ಷ್ಯವನ್ನು ತಪ್ಪಾಗಿ ಓದಿರಬೇಕು ಅಥವಾ ಬಿಟ್ಟಿರಬೇಕು, ಅಪರಾಧಿ ಎಂಬುದನ್ನು ಬಿಟ್ಟು ಬೇರೆ ತೀರ್ಮಾನಕ್ಕೆ ದಾರಿಯೇ ಇರಬಾರದು ಎಂಬುದು ಅಲ್ಲಿ ಮತ್ತೆ ಬಂದ ಮಾತು.

ಕೊಲೆಯಿಂದ ಕೊನೆಯ ತೀರ್ಪಿನವರೆಗೆ ಇಪ್ಪತ್ತೆರಡು ವರ್ಷ ದಾಟಿದೆ. ಆರೋಪಿಗಳು ಖುಲಾಸೆ ಕಂಡರು, ಶಿಕ್ಷೆ ಕಂಡರು, ಮತ್ತೆ ಖುಲಾಸೆ ಕಂಡರು. ಸತ್ತವನ ಕಡೆಯವರು ಸೋತು, ಗೆದ್ದು, ಮತ್ತೆ ಸೋತರು. ಇದರಲ್ಲಿ ಯಾರ ಪಾಲಿಗೂ ನೆಮ್ಮದಿ ಇರಲಿಲ್ಲ.

ಹಾಗೆಂದು ಮೇಲ್ಮನವಿ ಎಂದರೆ ಸುಮ್ನೆ ಎಂದುಕೊಳ್ಳಬಾರದು. 1973ರಲ್ಲಿ ಮಹಾರಾಷ್ಟ್ರದ ಶಿವಾಜಿ ಬೊಬಡೆ ಪ್ರಕರಣದಲ್ಲಿ ಹೈಕೋರ್ಟ್ ಖುಲಾಸೆಯನ್ನು ತಿರುಗಿಸಿದ್ದು ಸರಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸಂಶಯದ ಲಾಭವನ್ನು ಅತಿಗೆ ಒಯ್ದು ಅಪರಾಧಿಗಳನ್ನು ಬಿಡುತ್ತಾ ಹೋದರೆ ಜನ ಕಾನೂನಿನ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾರೆ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಎಚ್ಚರಿಸಿದರು. ಗಾಯಗೊಂಡ ಸಾಕ್ಷಿಯ ಮಾತನ್ನು ಸಣ್ಣಪುಟ್ಟ ವ್ಯತ್ಯಾಸಕ್ಕೆ ತಳ್ಳಿಹಾಕಿದ್ದರೆ, ಬಂಧು ಎಂಬ ಕಾರಣಕ್ಕೇ ನಂಬದಿದ್ದರೆ, ವೈದ್ಯರ ಸಾಕ್ಷ್ಯವನ್ನು ತಪ್ಪು ಓದಿದ್ದರೆ ಮೇಲ್ಮನವಿಗೆ ನಿಜವಾದ ಬಲ ಇದೆ.

ಹೈಕೋರ್ಟ್ ತಿರುಗಿಸಿ ಜೀವಾವಧಿಯೋ ಮರಣದಂಡನೆಯೋ ಕೊಟ್ಟರೆ, ಆರೋಪಿ ಸುಪ್ರೀಂ ಕೋರ್ಟ್‌ಗೆ ಹಕ್ಕಿನಿಂದಲೇ ಹೋಗಬಹುದು. ಅಲ್ಲಿ ಯಾರ ಅನುಮತಿಯೂ ಬೇಕಿಲ್ಲ. ಹೈಕೋರ್ಟ್ ಖುಲಾಸೆಯನ್ನೇ ಉಳಿಸಿದರೆ ಸಂತ್ರಸ್ತರಿಗೆ ಉಳಿಯುವುದು ಸಂವಿಧಾನದ 136ನೇ ವಿಧಿಯ ವಿಶೇಷ ಅನುಮತಿ ಅರ್ಜಿ. ಎರಡೂ ಕೋರ್ಟ್ ಒಂದೇ ಮಾತು ಹೇಳಿದ ಮೇಲೆ ಅಲ್ಲಿ ಗೆಲ್ಲುವುದು ಅಪರೂಪ.

ತೀರ್ಪು ಬಂದ ದಿನವೇ ಕುಟುಂಬದವರು ದೃಢೀಕೃತ ಪ್ರತಿಗೆ ಅರ್ಜಿ ಹಾಕಬೇಕು. ಸರ್ಕಾರ ಮೇಲ್ಮನವಿ ಹಾಕುತ್ತದೆಯೇ ಎಂದು ಕೇಳುತ್ತಲೇ ತಮ್ಮ ಮೇಲ್ಮನವಿಗೂ ತಯಾರಾಗಬೇಕು. ವಕೀಲರ ಫೀಸಿಗೆ ದುಡ್ಡಿಲ್ಲ ಎಂದು ಕೈಬಿಡಬೇಕಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಗಂಡನನ್ನು ಕಳೆದುಕೊಂಡ ಹೆಂಡತಿ, ಮಗನನ್ನು ಕಳೆದುಕೊಂಡ ತಾಯಿ ಇದನ್ನು ಕೇಳಿ ಪಡೆಯಬಹುದು. ಆರೋಪಿಗಳೆಲ್ಲ ಬಿಡುಗಡೆಯಾದರೂ ಪರಿಹಾರಕ್ಕೆ ದಾರಿ ಇದೆ. ಖುಲಾಸೆಯಾದ ಕೇಸಿನಲ್ಲೂ ಸಂತ್ರಸ್ತರ ಪುನರ್ವಸತಿಗೆ ವಿಚಾರಣಾ ನ್ಯಾಯಾಲಯ ಶಿಫಾರಸು ಮಾಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 357ಎ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 396ನೇ ಕಲಂ. ಹಣ ಎಷ್ಟು ಎಂದು ತೀರ್ಮಾನಿಸುವುದು ಜಿಲ್ಲಾ ಅಥವಾ ರಾಜ್ಯ ಕಾನೂನು ಸೇವಾ ಪ್ರಾಧಿಕಾರ. ಜಿಲ್ಲಾ ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ.